ದೋಣಿಯ ವಿಳಾಸದಲ್ಲಿ ಊರು ಬರೆದವನು

ಕೆಲಸ ಬಿಡುವಾಗ ಕಂಪನಿ ನನ್ನಿಂದ ಒಂದು ಹಸ್ತಾಂತರ ಟಿಪ್ಪಣಿ ಬರೆಸಿಕೊಂಡಿತು. ಹದಿನಾಲ್ಕು ಪುಟ, ಮೂರು ಚಿತ್ರ, ಯಾವ ಸರ್ವರ್ ಎಲ್ಲಿದೆ ಎಂಬ ಪಟ್ಟಿ. ನನ್ನ ಕುರ್ಚಿಗೆ ಬಂದ ಮರಿಯಮ್ ಎಂಬ ಒಮಾನಿ ಎಂಜಿನಿಯರ್ ಅದನ್ನು ಎರಡು ಸಲ ಓದಿದರು. ಆಮೇಲೆ, ಇದರಲ್ಲಿ ಏನು ಮಾಡಬೇಕು ಎಂಬುದು ಇದೆ, ಏನು ಮಾಡಬಾರದು ಎಂಬುದು ಇಲ್ಲ ಎಂದರು. ಇದ್ದದ್ದೇ. ಆ ಎರಡನೆಯದನ್ನು ಕಂಪನಿಯ ಕಾಗದದಲ್ಲಿ ಬರೆಯಲು ನನಗೆ ಧೈರ್ಯವಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತನಾಲ್ಕನೇ ವಯಸ್ಸಿಗೆ ನಾನು ನಿವೃತ್ತ. ನನ್ನ ಹುದ್ದೆ ಈ ನೆಲದವರಿಗೆ ಹೋಗಬೇಕಾದದ್ದು ನ್ಯಾಯ, ಹೋಯಿತು. ಹೆಂಡತಿ ಮಸ್ಕತ್ತಿನ ಪಕ್ಕದ ಸೀಬ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ, ಹಾಗಾಗಿ ನಾವಿನ್ನೂ ಇಲ್ಲೇ ಇದ್ದೇವೆ. ಬೆಳಿಗ್ಗೆ ಅವಳು ಶಾಲೆಗೆ ಹೊರಡುತ್ತಾಳೆ, ನಾನು ಚಿಂತೆ ಮಾಡಲು ಕೂರುತ್ತೇನೆ. ಮೊದಲು ಇದಕ್ಕೆ ಸಂಬಳ ಬರುತ್ತಿತ್ತು.

ನನ್ನ ಕೆಲಸ ಜಾಲತಾಣ ಕಟ್ಟುವುದು. ಶುರುವಾದದ್ದು ಮಸ್ಕತ್ತಿನ ಹಳೆಯ ಪೇಟೆ ಮತ್ರಾದಲ್ಲಿ, ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದ ಒಬ್ಬ ಶೇಠ್‌ಜಿಯ ಪರದೆ ಬಟ್ಟೆಯ ಅಂಗಡಿಯಲ್ಲಿ. ಆಗ ಪುಟಗಳನ್ನು ಕೈಯಲ್ಲೇ ಬರೆದು ಒಂದೊಂದಾಗಿ ಏರಿಸುತ್ತಿದ್ದೆವು. ಶೇಠ್‌ಜಿಯ ತಾಣದಲ್ಲಿ ಒಟ್ಟು ಒಂಬತ್ತು ಪುಟ. ಒಂದು ದಿನ ಬೇಸರಕ್ಕೆ ನಾನು ಆ ಒಂಬತ್ತು ಪುಟಗಳ ಹೆಸರನ್ನೂ ಬದಲಿಸಿ ಅಂದಗೊಳಿಸಿದೆ. ಹಿಂದಿನ ವಾರವಷ್ಟೇ ಶೇಠ್‌ಜಿ ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಹಳೆಯ ಹೆಸರುಗಳನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದರು. ಆ ವರ್ಷ ಮತ್ರಾದ ಗೋಡೆಗೋಡೆಯ ಮೇಲೂ ನನ್ನ ತಪ್ಪು ತೂಗುತ್ತಿತ್ತು. ಶೇಠ್‌ಜಿ ಬೈಯಲಿಲ್ಲ. "ಅಂಗಡಿ ಇದ್ದಲ್ಲೇ ಇದೆಯಲ್ಲ ಭಾಯಿ, ಬಾಗಿಲನ್ನು ಯಾಕೆ ಕಿತ್ತು ಹಿಂದಿನ ಓಣಿಗೆ ಇಟ್ಟೆ?" ಎಂದು ಕೇಳಿದರು ಅಷ್ಟೆ.

ಅಂದು ಪಾಠ ಕಲಿತೆ ಎಂದುಕೊಂಡೆ. ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬಾರದು. ಇದು ಅರ್ಧ ಪಾಠ ಎಂದು ತಿಳಿಯಲು ಇನ್ನೂ ಹದಿನೈದು ವರ್ಷ ಬೇಕಾಯಿತು.

ಆಮೇಲೆ ಫ್ರೇಮ್‌ವರ್ಕ್‌ಗಳ ಕಾಲ ಬಂತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಂಬ, ತೊಲೆ, ಬಾಗಿಲ ಚೌಕಟ್ಟುಗಳನ್ನು ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿರುತ್ತಾರೆ. ನಾವು ಗೋಡೆ ಎಬ್ಬಿಸಿ ಸುಣ್ಣ ಹೊಡೆದರೆ ತಾಣ ಸಿದ್ಧ. ನಾವು ಬಳಸುತ್ತಿದ್ದುದನ್ನು ಹತ್ತಾರು ದೇಶದವರು ಬಿಡುವಿನ ವೇಳೆಯಲ್ಲಿ ಪುಕ್ಕಟೆ ಕಟ್ಟುತ್ತಿದ್ದರು. ಅವರೆಲ್ಲ ವಾದಿಸುವ ಜಾಗ ಒಂದು ಫೋರಂ. ವೆಬ್ ವಿಳಾಸದ ಕೊನೆಗೆ ಒಂದು ಓರೆಗೆರೆ ಇರಬೇಕೋ ಬೇಡವೋ ಎಂದು ಅಲ್ಲಿ ಮೂರು ತಿಂಗಳು ಜಗಳ ನಡೆದದ್ದನ್ನು ನಾನು ಪೂರ್ತಿ ಓದಿದ್ದೇನೆ. ಬೇರೆಯವರು ಕ್ರಿಕೆಟ್ ನೋಡುತ್ತಾರೆ. ಬರೆಯಲು ಮಾತ್ರ ಭಯ. ಬರೆದದ್ದು ಅಲ್ಲಿ ಹಾಗೇ ಉಳಿಯುತ್ತದೆ, ಮೊಮ್ಮಕ್ಕಳೂ ಓದಬಹುದು.

ನಾನು ಕೊನೆಯವರೆಗೂ ಇದ್ದ ಕಂಪನಿ ದೋಣಿಗಳಿಗೆ ಎಂಜಿನ್ ಮಾರಿ ಸರ್ವಿಸ್ ಮಾಡುತ್ತಿತ್ತು. ಜೊತೆಗೆ ಲೈಫ್ ಜಾಕೆಟ್, ಬೆಂಕಿ ಆರಿಸುವ ಸಿಲಿಂಡರ್ ಇತ್ಯಾದಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಿತ್ತು. ಕಾಗದದ ಪತ್ರ ಸಮುದ್ರದಲ್ಲಿ ನೆನೆದು ಹಾಳಾಗುತ್ತದೆಂದು, ಪ್ರತಿ ದೋಣಿಗೂ ಒಂದು ಸ್ಟೀಲ್ ಪ್ಲೇಟು ಬಡಿಯುವ ಯೋಜನೆ ಬಂತು. ಪ್ಲೇಟಿನ ಮೇಲೆ ಕ್ಯೂಆರ್ ಕೋಡ್, ಕೆಳಗೆ ವೆಬ್ ವಿಳಾಸ. ಫೋನ್ ಹಿಡಿದರೆ ಆ ದೋಣಿಯ ಪುಟ ತೆರೆಯಬೇಕು. ವಿಳಾಸ ಹೇಗಿರಬೇಕೆಂದು ತೀರ್ಮಾನಿಸುವ ಕೆಲಸ ನನ್ನದು.

ಮೊದಲು ದೋಣಿ ಇರುವ ಬಂದರಿನ ಹೆಸರು, ಆಮೇಲೆ ದೋಣಿಯ ನಂಬರು ಎಂದು ನಾನು ಬರೆದೆ. ಸೀಬ್, ಓರೆಗೆರೆ, ಇನ್ನೂರ ಹದಿನಾಲ್ಕು. ಓದಿದ ಕೂಡಲೇ ಊರು ತಿಳಿಯಬೇಕು, ಅದೇ ಚೆಂದ. ನಮ್ಮ ಕಡೆ ಮನುಷ್ಯರ ಹೆಸರೇ ಹಾಗಲ್ಲವೇ. ನನ್ನ ಅಡ್ಡಹೆಸರು ನರಗುಂದ.

ಪ್ಲೇಟು ಮಾಡಿಸಿ ದೋಣಿಗೆ ಹಾಕಿಸುವ ಕೆಲಸ ವಿಲ್ಫಿಯದು. ಉಡುಪಿಯ ಕಡೆಯವನು, ಮನೆಮಾತು ಕೊಂಕಣಿ, ವರ್ಷದಲ್ಲಿ ಎಂಟು ತಿಂಗಳು ಬಂದರುಗಳಲ್ಲೇ ಇರುತ್ತಿದ್ದ. ನನ್ನ ನಕ್ಷೆ ನೋಡಿ ಅವನು ಚಹಾದ ಲೋಟ ಕೆಳಗಿಟ್ಟ.

"ದೋಣಿಗೆ ಊರು ಎಂತಕ್ಕೆ ಮಾರಾಯ್ರೆ? ಪಿಕಪ್ಪಿಗೆ ಕಟ್ಟಿದ್ರೆ ಮೂರು ಗಂಟೆಯಲ್ಲಿ ಸೂರ್ ಬಂದರಲ್ಲಿ ಇರ್ತದೆ."

ಇದು ಅದರ ಸ್ವಂತ ಊರು, ಹೋದಲ್ಲೆಲ್ಲ ಬದಲಾಗುವುದಿಲ್ಲ ಎಂದೆ.

"ನಿಮ್ಮ ಹೆಸರಲ್ಲಿ ನರಗುಂದ ಉಂಟಲ್ಲ. ನೀವು ಅಲ್ಲಿಗೆ ಎಷ್ಟು ಸಲ ಹೋಗಿದ್ದೀರಿ?"

ಎರಡು ಸಲ. ನಾವು ಮೂರು ತಲೆಮಾರಿನಿಂದ ಹುಬ್ಬಳ್ಳಿಯವರು. ಎರಡೂ ಸಲ ಮದುವೆಗೆ ಹೋಗಿದ್ದೆ. ಇದನ್ನು ಅವನಿಗೆ ಹೇಳಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಅಬು ಸಾಲಿಂ ಎನ್ನುತ್ತಿದ್ದರು, ಸಾಲಿಂನ ತಂದೆ ಎಂಬರ್ಥದಲ್ಲಿ. ಕಡಿಮೆ ಮಾತಿನವರು. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ: ಖಾತ್ರಿಯೇ? ನಾನು ಖಾತ್ರಿ ಎಂದೆ. ಆ ತಿಂಗಳು ನಾನು ಚಿಂತೆ ಮಾಡಿರಲಿಲ್ಲವೆಂದಲ್ಲ. ಸ್ಕ್ರೂಗಳಿಗೆ ತುಕ್ಕು ಹಿಡಿದರೆ, ಬಿಸಿಲಿಗೆ ಪ್ಲೇಟು ಹೊಳೆದು ಕ್ಯಾಮೆರಾಕ್ಕೆ ಕೋಡ್ ಕಾಣದಿದ್ದರೆ, ಮೀನಿನ ಹುರುಪೆ ಅಂಟಿಕೊಂಡರೆ, ಇವೆಲ್ಲಕ್ಕೂ ಪಟ್ಟಿ ಇತ್ತು. ಊರಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಚಿಂತೆಯ ಸ್ವಭಾವದವರ ಪಾಡೇ ಇದು. ಸಣ್ಣ ಸಂಗತಿಗಳಿಗೆ ಕಾವಲು ಕಾದು ಕಾದು, ದೊಡ್ಡದು ಬರುವ ಹೊತ್ತಿಗೆ ತೂಕಡಿಸುತ್ತಿರುತ್ತೇವೆ.

ಪ್ಲೇಟುಗಳು ದೋಣಿ ಸೇರಿದವು. ಒಂದೆರಡು ತಿಂಗಳಲ್ಲಿ ವಿಲ್ಫಿ ಬಂದು, ಮೆಕ್ಯಾನಿಕ್ ಯಾವ ಬಂದರಿಗೆ ಹೋಗಬೇಕೆಂದು ತಿಳಿಯುವುದಿಲ್ಲ, ದೋಣಿ ಜಾಗ ಬದಲಿಸಿದರೆ ದಾಖಲೆಯಲ್ಲೂ ಬಂದರು ಬದಲಿಸಲು ಅನುಕೂಲ ಮಾಡಿ ಎಂದ. ಒಂದೇ ದಿನದಲ್ಲಿ ಮಾಡಿಕೊಟ್ಟೆ. ಬಂದರು ಬದಲಾಗುವುದಿಲ್ಲ ಎಂದು ನಂಬಿ ವಿಳಾಸ ಬರೆದವನೂ ನಾನೇ, ಬಂದರು ಬದಲಿಸುವ ಬಟನ್ ಹಾಕಿದವನೂ ನಾನೇ. ಆ ಇಬ್ಬರಿಗೂ ಪರಿಚಯವಿರಲಿಲ್ಲ.

ಆದರೂ ನಾಲ್ಕು ವರ್ಷ ಏನೂ ಆಗಲಿಲ್ಲ. ಸೀಬ್‌ನ ಪ್ಲೇಟು ಹೊತ್ತ ದೋಣಿ ಸೂರ್‌ಗೆ ಹೋಗಿ, ದಾಖಲೆಯಲ್ಲಿ ಬಂದರು ಬದಲಾದರೂ ಪುಟ ತೆರೆಯುತ್ತಿತ್ತು. ಯಾಕೆ ತೆರೆಯುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಕಿರಿಯರೇ, ಮುರಿದದ್ದನ್ನು ನೋಡಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ನಡೆಯುತ್ತಿರುವುದನ್ನು ನೋಡಿ ಕೇಳುವವರು ಕಡಿಮೆ.

ಒಂದು ಮಧ್ಯಾಹ್ನ ನಾನೇ ಕೈತಪ್ಪಿ, ಬರ್ಕಾ ಬಂದರಿನ ಒಂದು ದೋಣಿಯ ನಂಬರಿಗೆ ಮೊದಲು ಬರ್ಕಾ ಎನ್ನುವ ಬದಲು ಸೂರ್ ಎಂದು ಟೈಪ್ ಮಾಡಿದೆ. ಪುಟ ತೆರೆಯಿತು. ಬರ್ಕಾದಿಂದ ಎಂದೂ ಕದಲದ ದೋಣಿ ಅದು. ಹಾಳುಮೂಳು ಅಕ್ಷರ ಹಾಕಿ ನೋಡಿದೆ, ಆಗಲೂ ತೆರೆಯಿತು. ಯಾವ ಕೀಲಿ ಹಾಕಿದರೂ ತೆರೆಯುವ ಬೀಗ ಇದು. ಹುಡುಕಿದಾಗ ತಪ್ಪು ನನ್ನದಲ್ಲ, ಫ್ರೇಮ್‌ವರ್ಕಿನದು ಎಂದು ತಿಳಿಯಿತು. ವಿಳಾಸದ ಎರಡು ತುಂಡುಗಳನ್ನೂ ಹೊಂದಿಸಿ ನೋಡಬೇಕಾದದ್ದು, ಒಂದು ಬಗ್‌ನಿಂದಾಗಿ ಕೊನೆಯ ತುಂಡನ್ನು, ಅಂದರೆ ನಂಬರನ್ನು, ಮಾತ್ರ ನೋಡುತ್ತಿತ್ತು.

ಫ್ರೇಮ್‌ವರ್ಕಿನ ತಪ್ಪು, ಅದೂ ನನ್ನ ಕಣ್ಣಿಗೆ ಬಿದ್ದದ್ದು. ಇಂಥ ಯೋಗ ಇಪ್ಪತ್ತು ವರ್ಷಕ್ಕೊಮ್ಮೆ. ಮೂರು ದಿನ ತಿದ್ದಿ ತಿದ್ದಿ ಫೋರಂನಲ್ಲಿ ನನ್ನ ಮೊದಲ ಬಗ್ ವರದಿ ಬರೆದೆ. ಒಪ್ಪಿಕೊಂಡರು, ಹೊಗಳಿದರು. ಒಬ್ಬ ಮಾತ್ರ ತಕರಾರು ಎತ್ತಿದ. ಉತ್ತರದ ಯಾವುದೋ ಚಳಿ ದೇಶದವನು, ತನ್ನ ಮುಖದ ಬದಲು ಗೂಬೆಯ ಚಿತ್ರ ಹಾಕಿಕೊಂಡಿದ್ದ. ಇದು ಬಗ್ ಹೌದು, ಆದರೆ ವರ್ಷಗಟ್ಟಲೆ ಹೀಗೇ ಇದೆ, ಯಾರಾದರೂ ತಿಳಿಯದೆ ಇದರ ಮೇಲೇ ನಿಂತಿರಬಹುದು, ಒಂದು ವರ್ಷನ್‌ವರೆಗೆ ಬರೀ ಎಚ್ಚರಿಕೆ ಕೊಟ್ಟು ಆಮೇಲೆ ಸರಿಪಡಿಸೋಣ ಎಂದು ಅವನ ವಾದ.

ನಾನು ಉತ್ತರಿಸಿದೆ: "ತಪ್ಪು ವಿಳಾಸದ ಮೇಲೆ ನಿಂತವನು ತಪ್ಪು ಮಾಡಿದ್ದಾನೆ. ಅವನಿಗಾಗಿ ಉಳಿದವರು ಕಾಯಬೇಕಾಗಿಲ್ಲ."

ಎಂಟು ಮಂದಿ ಮೆಚ್ಚಿದರು. ಗೂಬೆ ತಕರಾರು ಹಿಂದೆಗೆದುಕೊಂಡಿತು. ಮುಂದಿನ ವರ್ಷನ್‌ನಲ್ಲಿ ಬಗ್ ಹೋಯಿತು. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಹೆಂಡತಿಗೆ ತೋರಿಸಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತ, "ಛಲೋ ಆತು. ಇವತ್ತರೆ ನಿದ್ದಿ ಮಾಡ್ರಿ" ಎಂದಳು.

ಆ ಹೊಸ ವರ್ಷನ್ನನ್ನು ನಮ್ಮ ಸರ್ವರಿಗೆ ಹಾಕಿದ್ದು ಒಂದು ಭಾನುವಾರ ಬೆಳಿಗ್ಗೆ. ಅದಕ್ಕೆ ಮೊದಲು ಎಲ್ಲ ದೋಣಿಗಳ ಪುಟವನ್ನೂ ಪರೀಕ್ಷಿಸಿದ್ದೆ. ಹೇಗೆಂದರೆ, ದಾಖಲೆಯಿಂದ ಬಂದರು ಮತ್ತು ನಂಬರು ತೆಗೆದು ವಿಳಾಸ ಮಾಡಿ, ಆ ವಿಳಾಸ ತೆರೆದು. ಎಲ್ಲವೂ ತೆರೆದವು. ತೆರೆಯದೆ ಏನು ಮಾಡುತ್ತವೆ? ದಾಖಲೆಯನ್ನು ದಾಖಲೆಗೇ ಹೋಲಿಸಿದ್ದೆ. ಪ್ಲೇಟಿನ ಮೇಲೆ ಕೆತ್ತಿದ್ದನ್ನು ಒಂದನ್ನೂ ನೋಡಿರಲಿಲ್ಲ. ಪ್ಲೇಟುಗಳು ದೋಣಿಯಲ್ಲಿದ್ದವು, ನಾನು ಏಸಿಯಲ್ಲಿದ್ದೆ.

ಅಂಜಲ್ ಮೀನು ಹಿಡಿಯುವುದಕ್ಕೆ ಇದ್ದ ನಿಷೇಧ ಮರುದಿನ ನಸುಕಿಗೆ ಮುಗಿಯುವುದಿತ್ತು. ಎರಡು ತಿಂಗಳು ಯಾರೂ ಮುಟ್ಟದ ಮೀನು. ಮೊದಲ ದಿನದ ಹಿಡಿತಕ್ಕೆ ಬೇರೆ ಯಾವ ದಿನವೂ ಸಾಟಿಯಲ್ಲ. ಸೂರ್‌ನ ಒಂದು ಮೀನುಗಾರರ ಕೂಟ ತಾನೇ ಒಂದು ಪದ್ಧತಿ ಇಟ್ಟುಕೊಂಡಿತ್ತು. ಹಿಂದಿನ ದಿನ ಸಾಲಿನಲ್ಲಿ ನಿಂತು ಪ್ಲೇಟು ತೋರಿಸಬೇಕು, ಜಾಕೆಟ್ಟು ಸಿಲಿಂಡರ್ ಸರಿಯಿವೆ ಎಂದು ಪುಟದಲ್ಲಿ ಕಂಡರೆ ಚೀಟಿ. ಚೀಟಿಯಿಲ್ಲದ ದೋಣಿ ನೀರಿಗಿಳಿಯುವಂತಿಲ್ಲ. ನಾಲ್ಕು ಗಂಟೆಗೆ ಮುಚ್ಚುತ್ತಾರೆ. ಅದು ಒಳ್ಳೆಯ ಪದ್ಧತಿ, ಈಗಲೂ ಹಾಗೇ ಅನ್ನುತ್ತೇನೆ.

ಹನ್ನೊಂದು ಗಂಟೆಗೆ ಸೂರ್‌ನಿಂದ ವಿಲ್ಫಿಯ ಫೋನ್.

"ನರಗುಂದ್ ಸರ್, ಇಲ್ಲಿ ಪೇಜು ಬರುದಿಲ್ಲ. ಸೂರ್‌ನವರದ್ದು ಬರ್ತದೆ, ಹೊರಗಿಂದ ಬಂದವರದ್ದು ಒಂದೂ ಇಲ್ಲ."

"ನನ್ನ ಕಡೆ ಎಲ್ಲಾ ಬರಾಕತ್ತಾವಲ್ಲಪಾ."

"ನಿಮ್ಮ ಕಡೆ ಸಮುದ್ರ ಇಲ್ಲ."

ಸಾಲಿನ ತಲೆಯಲ್ಲಿದ್ದವರು ಖಮೀಸ್, ದೋಣಿ ನಡೆಸುವ ನಾಖುದಾ, ಸೀಬ್‌ನವರು. ಬೆಳಗಿನ ನಮಾಜಿಗೂ ಮೊದಲೇ ಬಂದು ಜಾಗ ಹಿಡಿದಿದ್ದರು. ಅವರ ಪುಟವೇ ಮೊದಲು ತೆರೆಯಲಿಲ್ಲ, ಪಕ್ಕಕ್ಕೆ ನಿಲ್ಲಲು ಹೇಳಿದರು. ಅವರ ಹಿಂದೆ ಇನ್ನೂ ಹತ್ತು ಹನ್ನೆರಡು ದೋಣಿ.

ಈಗ ನಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಾರಣ ಹತ್ತೇ ನಿಮಿಷದಲ್ಲಿ ತಿಳಿಯಿತು. ಪ್ಲೇಟಿನಲ್ಲಿ ಸೀಬ್, ದಾಖಲೆಯಲ್ಲಿ ಸೂರ್. ಮೊದಲು ಒಂದು ಬಗ್ ಈ ವ್ಯತ್ಯಾಸವನ್ನು ಕಂಡೂ ಕಾಣದಂತೆ ಬಿಡುತ್ತಿತ್ತು. ಆ ಬಗ್ಗನ್ನು ಹುಡುಕಿ ಕೊಲ್ಲಿಸಿದವನು ನಾನು. ಇಷ್ಟು ತಿಳಿದವನು ತಿದ್ದಬೇಕಿತ್ತು. ನಾನು ಫೋರಂ ತೆರೆದೆ. ಇಂಥ ಬದಲಾವಣೆಗೆ ಸಾಕಷ್ಟು ಎಚ್ಚರಿಕೆ ಕೊಟ್ಟಿಲ್ಲ ಎಂದು ದೂರು ಬರೆಯತೊಡಗಿದೆ. ಎಚ್ಚರಿಕೆ ಬೇಡ ಎಂದವನು ನಾನೇ ಎಂಬುದು ಅದೇ ಪುಟದಲ್ಲಿ ಸ್ವಲ್ಪ ಮೇಲೆ ಕಾಣುತ್ತಿತ್ತು. ಅದು ಕಾಣದ ಹಾಗೆ ಪುಟ ಸರಿಸಿಕೊಂಡು ಬರೆದೆ. ಆಮೇಲೆ ದಾಖಲೆಯ ಬಂದರು ಬದಲಿಸಿದ ಗುಮಾಸ್ತರ ಪಟ್ಟಿ ಮಾಡಿದೆ. ವಿಲ್ಫಿ ನಡುವೆ ಮೂರು ಸಲ ಫೋನ್ ಮಾಡಿದ. ನೋಡುತ್ತಿದ್ದೇನೆ ಎಂದೆ. ನೋಡುತ್ತಲೇ ಇದ್ದೆ.

ಮೂರೂಕಾಲಿಗೆ ಅಬು ಸಾಲಿಂ ಬಂದು ಕುರ್ಚಿ ಎಳೆದು ಕೂತರು. ನಾನು ಬಿಳಿ ಬೋರ್ಡಿನ ಮೇಲೆ ಬಾಣ ಬಿಡಿಸಿ ಬಿಡಿಸಿ, ತಪ್ಪು ಎಲ್ಲೆಲ್ಲಿಂದ ಬಂತು ಎಂದು ವಿವರಿಸಿದೆ. ನನ್ನ ಕಡೆಗೆ ಒಂದು ಬಾಣವೂ ಇರಲಿಲ್ಲ. ಅವರು ಕೊನೆತನಕ ಕೇಳಿ, ವಿಳಾಸದಲ್ಲಿ ಬಂದರು ಯಾಕಿದೆ ಎಂದರು.

ದೋಣಿ ಎಲ್ಲಿಯದೆಂದು ತಿಳಿಯಲಿ ಎಂದೆ.

"ನಾನು ಮೂರು ಸಲ ಮನೆ ಬದಲಿಸಿದ್ದೇನೆ," ಎಂದರು ಅವರು. "ಕಾಗದ ಎಲ್ಲಿಗೆ ಬರುತ್ತದೆ?"

ಇಲ್ಲಿ ಯಾರ ಮನೆಬಾಗಿಲಿಗೂ ಅಂಚೆಯವನು ಬರುವುದಿಲ್ಲ. ಅಂಚೆಕಚೇರಿಯ ಗೋಡೆಯಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ನಂಬರು. ಇಪ್ಪತ್ತೆರಡು ವರ್ಷದಿಂದ ನನ್ನ ಪೆಟ್ಟಿಗೆಯೂ ಒಂದೇ. ಈ ನಡುವೆ ನಾನು ರೂವಿಯಲ್ಲಿದ್ದೆ, ಘಾಲಾದಲ್ಲಿದ್ದೆ, ಈಗ ಸೀಬ್‌ನಲ್ಲಿದ್ದೇನೆ. ನಾನು ಎಲ್ಲಿ ಮಲಗುತ್ತೇನೆಂದು ಆ ನಂಬರಿಗೆ ಗೊತ್ತಿಲ್ಲ, ಅದಕ್ಕೇ ಅದು ಇನ್ನೂ ನಡೆಯುತ್ತಿದೆ. ವಾರಕ್ಕೊಮ್ಮೆ ಆ ಪೆಟ್ಟಿಗೆಗೆ ಕೀಲಿ ಹಾಕಿ ತೆರೆಯುತ್ತಿದ್ದರೂ ಇದು ನನಗೆ ಹೊಳೆದಿರಲಿಲ್ಲ.

ಶೇಠ್‌ಜಿಯ ಪಾಠದ ಉಳಿದರ್ಧ ಇದು. ಕೊಟ್ಟ ವಿಳಾಸವನ್ನು ಬದಲಿಸಬಾರದು, ಸರಿ. ಬದಲಾಗುವುದನ್ನು ವಿಳಾಸದೊಳಗೆ ಇಡಲೇಬಾರದು.

"ನಂಬರು ಎರಡು ದೋಣಿಗೆ ಒಂದೇ ಇದೆಯೇ?" ಎಂದು ಅಬು ಸಾಲಿಂ ಕೇಳಿದರು. ಇಲ್ಲ, ಪ್ರತಿ ದೋಣಿಗೂ ಬೇರೆ ಎಂದೆ. "ಹಾಗಾದರೆ ಯಲ್ಲಾ, ಶುರುಮಾಡಿ," ಎಂದು ಎದ್ದು ಹೋದರು.

ತಿದ್ದುಪಡಿ ಎರಡು ಸಾಲು. ಮೊದಲ ತುಂಡಿನಲ್ಲಿ ಏನೇ ಇರಲಿ ಬಿಟ್ಟುಬಿಡು, ನಂಬರು ನೋಡಿ ದೋಣಿ ಹುಡುಕು. ಬಗ್ ಯಾವುದನ್ನು ಅರಿಯದೆ ಮಾಡುತ್ತಿತ್ತೋ ಅದನ್ನು ಅರಿತು ಮಾಡುವುದು, ಅಷ್ಟೆ. ಎರಡು ಸಾಲಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಅದರಲ್ಲಿ ಕೊನೆಯ ಕಾಲು ಗಂಟೆ ತಿದ್ದಲು ಹೋಯಿತು, ಉಳಿದದ್ದು ತಪ್ಪು ನನ್ನದಲ್ಲ ಎನ್ನಲು.

ಪುಟಗಳು ತೆರೆಯಲು ಶುರುವಾದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ಸಾಲು ಸರಸರನೆ ಸರಿಯಿತು. ನಾಲ್ಕೂ ಹತ್ತಕ್ಕೆ ವಿಲ್ಫಿ ಫೋನ್ ಮಾಡಿ, ಎಲ್ಲರಿಗೂ ಚೀಟಿ ಆಯಿತು, ಒಬ್ಬರಿಗೆ ಬಿಟ್ಟು ಎಂದ. ಪಕ್ಕಕ್ಕೆ ನಿಲ್ಲಿಸಿದವರನ್ನು ಕೊನೆಗೆ, ಅದೂ ಹಿಂದಿನಿಂದ ಮುಂದಕ್ಕೆ ಕರೆದಿದ್ದರು. ಎಲ್ಲರಿಗಿಂತ ಮೊದಲು ಪಕ್ಕಕ್ಕೆ ನಿಂತ ಖಮೀಸ್ ಎಲ್ಲರಿಗಿಂತ ಕೊನೆಗಾದರು. ಅವರ ಸರದಿ ಬಂದಾಗ ನಾಲ್ಕು ಹೊಡೆದು, ಚೀಟಿ ಕೊಡುವ ಮೇಜು ಖಾಲಿಯಾಗಿತ್ತು.

ಆ ಮನುಷ್ಯನ ದೋಣಿ ಮೊದಲ ದಿನ ದಡದಲ್ಲೇ ಉಳಿಯಿತು. ಯಾರೂ ನನ್ನ ಕೆಲಸ ಕಿತ್ತುಕೊಳ್ಳಲಿಲ್ಲ. ಅಬು ಸಾಲಿಂ ಮತ್ತೆ ಆ ಮಾತೆತ್ತಲಿಲ್ಲ. ಒಂದು ವಾರ ನಾನು ಸರಿಯಾಗಿ ಉಣ್ಣಲಿಲ್ಲ. "ಹೋಗಿ ಅವರಿಗೆ ಹೇಳಿ ಬರ್ರಿ. ನನ್ನ ಮುಂದ ಎಷ್ಟು ಸಲ ಹೇಳ್ತೀರಿ?" ಎಂದು ಹೆಂಡತಿ ಗದರಿದಳು.

ವಿಲ್ಫಿಯ ಜೊತೆ ಸೂರ್‌ಗೆ ಹೋದೆ. ಖಮೀಸ್ ದಡದಲ್ಲಿ ಬಲೆ ಹರವಿಕೊಂಡು ಕೂತಿದ್ದರು. ಅರವತ್ತು ದಾಟಿದವರು. ಮೊದಲು ಖರ್ಜೂರ, ಕಾವಾ ಎಂಬ ಅರಬ್ಬೀ ಕಾಫಿ. ಆಮೇಲೇ ಮಾತು, ಗಲ್ಫಿನಲ್ಲಿ ನಾವೆಲ್ಲ ಆಡುವ ಮುರುಕು ಹಿಂದಿಯಲ್ಲಿ. ಆ ದಿನದ ತಪ್ಪು ಕಂಪ್ಯೂಟರಿನದಲ್ಲ, ನನ್ನದು ಎಂದೆ. ದಾರಿಯುದ್ದಕ್ಕೂ ಇದನ್ನು ಅಭ್ಯಾಸ ಮಾಡಿದ್ದೆ. ವಿಲ್ಫಿ ಬೇರೆ ಕಡೆ ನೋಡುತ್ತ ಕಾವಾ ಕುಡಿಯುತ್ತಿದ್ದ.

ಅವರು ಎದ್ದು ನನ್ನನ್ನು ದೋಣಿಯ ಬಳಿ ಕರೆದೊಯ್ದು ಪ್ಲೇಟಿನ ಮೇಲೆ ಬೆರಳಿಟ್ಟರು. ಇದೇನು ಬರೆದದ್ದು ಎಂದು ಕೇಳಿದರು.

"ಸೀಬ್. ದೋಣಿ ಸೀಬ್‌ನದು ಅಂತ."

"ದೋಣಿ ಸೀಬ್‌ನದಲ್ಲ," ಎಂದರು ಖಮೀಸ್. "ನನ್ನದು."

ಹೊರಡುವಾಗ ಒಂದು ಅಂಜಲ್ ಮೀನನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟರು. ನಾನು ಮೀನು ತಿನ್ನುವವನಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಮಸ್ಕತ್ತಿನವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದನ್ನು ವಿಲ್ಫಿಯ ಮನೆಯವರು ತಿಂದರು.

ಮರುದಿನ ಫೋರಂನ ಆ ಹಳೆಯ ಚರ್ಚೆಗೆ ಹೋಗಿ ಒಂದು ಸಾಲು ಸೇರಿಸಿದೆ: ತಪ್ಪು ವಿಳಾಸದ ಮೇಲೆ ನಿಂತವನು ಸಿಕ್ಕಿದ, ನಾನೇ. ಗೂಬೆಯಿಂದ ಉತ್ತರ ಬಂತು. ಗೇಲಿ ಮಾಡಲಿಲ್ಲ. ಎಷ್ಟು ದೋಣಿ ಎಂದು ಕೇಳಿತು. ನಮ್ಮ ಎರಡು ಸಾಲಿನ ಮೇಲೆ ಒಂದು ಟಿಪ್ಪಣಿಯನ್ನೂ ಬರೆದಿಟ್ಟೆ: ಇದನ್ನು ಅಳಿಸಬೇಡಿ, ಪ್ಲೇಟುಗಳು ದೋಣಿಯಲ್ಲಿವೆ. ಹೊಸ ಪ್ಲೇಟುಗಳಲ್ಲಿ ಈಗ ನಂಬರು ಮಾತ್ರ. ಹಳೆಯವು ಹಾಗೇ ಇವೆ. ಸ್ಕ್ರೂಗಳಿಗೆ ತುಕ್ಕು ಹಿಡಿದಿಲ್ಲ. ಆ ಚಿಂತೆಯಾದರೂ ಫಲ ಕೊಟ್ಟಿತು.

ಕಳೆದ ತಿಂಗಳು ಫೋರಂನಲ್ಲಿ ಮತ್ತೆ ಒಬ್ಬ ಉತ್ಸಾಹಿ, ವಿಳಾಸದ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡೋಣ, ಒಂದು ತುಂಡನ್ನು ಕಡೆಗಣಿಸುವ ಸೌಲಭ್ಯವನ್ನೇ ತೆಗೆಯೋಣ ಎಂದಿದ್ದ. ಯಾರಾದರೂ ಅದನ್ನು ನಂಬಿಕೊಂಡಿದ್ದೀರಾ ಎಂದೂ ಕೇಳಿದ್ದ. ನಾನು ಉತ್ತರದ ಏಳನೇ ಕರಡನ್ನು ತಿದ್ದುತ್ತಿದ್ದೆ. ಅಷ್ಟರಲ್ಲಿ ಮರಿಯಮ್ ಒಂದು ಸಾಲು ಬರೆದಾಗಿತ್ತು: ನಾವಿದ್ದೇವೆ, ನಮ್ಮ ವಿಳಾಸಗಳನ್ನು ಸ್ಟೀಲಿನಲ್ಲಿ ಕೆತ್ತಲಾಗಿದೆ, ಅವು ಸಮುದ್ರದಲ್ಲಿವೆ. ಹಾಗಾದರೆ ಮುಟ್ಟುವುದು ಬೇಡ ಎಂದಿತು ಗೂಬೆ. ನಾನು ಏಳೂ ಕರಡುಗಳನ್ನು ಅಳಿಸಿದೆ.

ಈಗ ಶುಕ್ರವಾರ ಸಂಜೆ ಸೀಬ್‌ನ ದಡದಲ್ಲಿ ವಾಕಿಂಗ್ ಮಾಡುತ್ತೇನೆ. ಋತು ಮುಗಿದರೆ ಖಮೀಸ್‌ರ ದೋಣಿ ಅಲ್ಲೇ ಮರಳಿನ ಮೇಲಿರುತ್ತದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಪ್ಲೇಟಿಗೆ ಫೋನ್ ಹಿಡಿಯುತ್ತೇನೆ. ಹೋದ ವಾರ ಅವರು ದೋಣಿಯ ಆಚೆ ಬದಿಯಲ್ಲಿ ಕೂತಿದ್ದುದು ನನಗೆ ಕಂಡಿರಲಿಲ್ಲ.

"ಖುಲಾ?" ಎಂದರು. ತೆರೆಯಿತೇ ಎಂದು.

ತೆರೆಯಿತು ಎಂದೆ.

"ಕಲ್?"

ನಾಳೆಯದು ಮರಿಯಮ್ ಅವರ ಕೆಲಸ, ನನ್ನದು ಖಲಾಸ್ ಎಂದೆ. ಅವರು ತಲೆಯಾಡಿಸಿ, ಸರಿದು ಕೂತು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಶನಿವಾರ ಬೆಳಿಗ್ಗೆ ಮತ್ತೆ ಹೋಗಿ ನೋಡಿದೆ. ತೆರೆಯಿತು.